ಎಕ್ಸ್‌ಪೋರ್ಟ್ ಎಂದರೆ ಕೊಟ್ಟ ಮಾತು

ಒಂದು ಫೈಲಿನಲ್ಲಿ ಹತ್ತು ಫಂಕ್ಷನ್ ಬರೆಯುವುದು ಸುಲಭ. ಆ ಹತ್ತರಲ್ಲಿ ಯಾವುದನ್ನು ಹೊರಗಿನವರ ಕೈಗೆ ಕೊಡಬೇಕು ಎಂದು ತೀರ್ಮಾನಿಸುವುದು ಕಷ್ಟ. ಜಾವಾಸ್ಕ್ರಿಪ್ಟ್ ಈ ಪ್ರಶ್ನೆಗೆ ತನ್ನದೇ ಉತ್ತರ ಕಂಡುಕೊಳ್ಳಲು ಇಪ್ಪತ್ತು ವರ್ಷ ಬೇಕಾಯಿತು.

ಶನಿವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಫೋನ್ ಬಂತು. ಪಕ್ಕದ ತಂಡದ ಹುಡುಗಿ.

“ಸರ್, ರಸೀದಿಯಲ್ಲಿ ಸೊನ್ನೆ ಜಾಸ್ತಿ ಬರ್ತಿದೆ. ಮೊತ್ತದ ಕೊನೆಗೆ ಪಾಯಿಂಟ್ ಸೊನ್ನೆ ಸೊನ್ನೆ ಎರಡೆರಡು ಸಲ ಪ್ರಿಂಟ್ ಆಗ್ತಿದೆ. ನಿನ್ನೆ ಏನಾದ್ರೂ ಬದಲಾಯಿಸಿದ್ರಾ?”

“ಬದಲಾಯಿಸಿದ್ದೀನಮ್ಮ. ಆದರೆ ನಮ್ಮ ಫೈಲಿನ ಒಳಗಿಂದು ಮಾತ್ರ. ಅದು ನಿಮಗೆ ತಾಗೋ ಹಾಗಿಲ್ಲ.”

ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ ಮೆಲ್ಲಗೆ ಹೇಳಿದಳು: “ಸರ್, ನಾವು ಬಳಸ್ತಿರೋದೂ ಅದನ್ನೇ. ನಿಮ್ಮ ಫೈಲಿಂದ ಎಕ್ಸ್‌ಪೋರ್ಟ್ ಆಗಿತ್ತಲ್ಲ?”

ಆ ಫೈಲಿನ ಹೆಸರು ‘ಹಣ’ ಎಂದಿಟ್ಟುಕೊಳ್ಳೋಣ. ಅದರ ಕೆಲಸ ಒಂದೇ. 1234567.5 ಎಂಬ ಸಂಖ್ಯೆ ಕೊಟ್ಟರೆ ₹12,34,567.50 ಎಂದು ನಮ್ಮ ಲಕ್ಷ-ಕೋಟಿಯ ಲೆಕ್ಕದಲ್ಲಿ ಬರೆದು ಕೊಡಬೇಕು. ಈ ಕೆಲಸ ಮಾಡುವ ಫಂಕ್ಷನ್‌ಗೆ ‘ರೂಪಾಯಿ’ ಎಂದು ಹೆಸರು. ಅದಕ್ಕೆ ಇಬ್ಬರು ಸಹಾಯಕರು. ‘ಪೈಸೆ’ ಎಂಬುದು ದಶಾಂಶದ ನಂತರ ಸರಿಯಾಗಿ ಎರಡು ಅಂಕಿ ಇರುವಂತೆ ನೋಡಿಕೊಳ್ಳುತ್ತದೆ. ‘ಗುಂಪು’ ಎಂಬುದು ಅಂಕಿಗಳ ಸಾಲನ್ನು ತೆಗೆದುಕೊಂಡು ಬಲಗಡೆಯ ಮೂರನ್ನು ಬಿಟ್ಟು, ಉಳಿದದ್ದನ್ನು ಎರಡೆರಡಾಗಿ ಕತ್ತರಿಸಿ, ನಡುವೆ ಅಲ್ಪವಿರಾಮ ಹಾಕುತ್ತದೆ. ಹೊರಗಿನವರಿಗೆ ಬೇಕಾದದ್ದು ‘ರೂಪಾಯಿ’ ಮಾತ್ರ. ಆದರೆ ಟೆಸ್ಟ್ ಬರೆಯಲು ಅನುಕೂಲವಾಗಲಿ ಎಂದು ನಾನು ಮೂರರ ಮುಂದೆಯೂ ‘ಎಕ್ಸ್‌ಪೋರ್ಟ್’ ಎಂದು ಬರೆದಿದ್ದೆ.

ಪಕ್ಕದ ತಂಡದವರಿಗೆ ರೂಪಾಯಿ ಚಿಹ್ನೆ ಬೇಡವಾಗಿತ್ತು. ಹಾಗಾಗಿ ಅವರು ‘ಗುಂಪು’ ಒಂದನ್ನೇ ಇಂಪೋರ್ಟ್ ಮಾಡಿಕೊಂಡು, ಬಂದ ಉತ್ತರಕ್ಕೆ ತಾವೇ ‘.00’ ಸೇರಿಸಿ ರಸೀದಿ ಮುದ್ರಿಸುತ್ತಿದ್ದರು. ಶುಕ್ರವಾರ ಸಂಜೆ ನಾನು ‘ಗುಂಪು’ ಫಂಕ್ಷನ್ ತಾನೇ ಪೈಸೆಯನ್ನೂ ಸೇರಿಸಿ ಕೊಡುವಂತೆ ತಿದ್ದಿದೆ. ‘ರೂಪಾಯಿ’ ಮೊದಲಿನಂತೆಯೇ ನಡೆಯಿತು. ಅದಕ್ಕೆ ತಕ್ಕಂತೆ ಟೆಸ್ಟ್‌ಗಳನ್ನೂ ತಿದ್ದಿದ್ದರಿಂದ ಎಲ್ಲವೂ ಹಸಿರಾದವು. ಶನಿವಾರದ ರಸೀದಿಗಳಲ್ಲಿ ಮಾತ್ರ 12,34,567.00.00 ಎಂದು ಬಂತು.

ನನ್ನ ಮಟ್ಟಿಗೆ ಅದು ಮನೆಯೊಳಗಿನ ರಿಪೇರಿ. ಅವರ ಮಟ್ಟಿಗೆ ಅದು ನಾನು ಕೊಟ್ಟ ಮಾತು ತಪ್ಪಿದ್ದು. ಕೋಡ್ ಓದಿ ನೋಡಿದರೆ ಅವರದೇ ಸರಿ. ‘ಎಕ್ಸ್‌ಪೋರ್ಟ್’ ಎಂಬ ಪದವನ್ನು ಬರೆದವನು ನಾನು.

ಎಲ್ಲರೂ ಒಂದೇ ಹಜಾರದಲ್ಲಿ

ನಮ್ಮ ಊರುಗಳ ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಮೂವರು ಮಂಜುನಾಥರು ಇರುವುದು ಹೊಸದಲ್ಲ. ಮೇಷ್ಟ್ರು ‘ಮಂಜುನಾಥ’ ಎಂದು ಕರೆದರೆ ಮೂವರೂ ಎದ್ದು ನಿಲ್ಲುತ್ತಾರೆ. ಹಾಜರಿ ಪುಸ್ತಕ ಇದಕ್ಕೆ ಪರಿಹಾರ ಕಂಡುಕೊಂಡಿದೆ: ಊರಿನ ಮೊದಲ ಅಕ್ಷರ, ಅಪ್ಪನ ಹೆಸರಿನ ಮೊದಲ ಅಕ್ಷರ, ಆಮೇಲೆ ಹುಡುಗನ ಹೆಸರು. ಕೆ.ವಿ. ಪುಟ್ಟಪ್ಪ ಎಂದರೆ ಕುಪ್ಪಳಿಯ ವೆಂಕಟಪ್ಪನವರ ಮಗ ಪುಟ್ಟಪ್ಪ. ಹೆಸರು ಎಲ್ಲಿಂದ ಬಂತು ಎಂಬುದನ್ನು ಹೆಸರಿನ ಜೊತೆಗೇ ಹೊತ್ತೊಯ್ಯುವ ಈ ಕ್ರಮವನ್ನೇ ಪ್ರೋಗ್ರಾಮಿಂಗ್‌ನಲ್ಲಿ ನೇಮ್‌ಸ್ಪೇಸ್ ಎನ್ನುತ್ತಾರೆ.

1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಜಾವಾಸ್ಕ್ರಿಪ್ಟ್‌ನ ಮೊದಲ ರೂಪ ಕಟ್ಟಿದಾಗ ಇಂಥ ಏರ್ಪಾಡು ಇರಲಿಲ್ಲ. ಬೇಕೆಂದು ಯಾರಿಗೂ ಅನ್ನಿಸಿರಲೂ ಇಲ್ಲ. ವೆಬ್ ಪುಟದ ಒಂದು ಬಟನ್ ಒತ್ತಿದಾಗ ಏನಾದರೂ ಆಗಬೇಕು, ಫಾರಂ ತುಂಬಿದ್ದು ಸರಿಯಿದೆಯೇ ನೋಡಬೇಕು. ಹತ್ತಿಪ್ಪತ್ತು ಸಾಲಿನ ಕೆಲಸ. ಒಂದು ಪುಟದಲ್ಲಿ ಐದು ಸ್ಕ್ರಿಪ್ಟ್ ಸೇರಿಸಿದರೆ ಐದೂ ಒಂದೇ ಹಜಾರದಲ್ಲಿ ಕೂರುತ್ತಿದ್ದವು. ಮೊದಲನೆಯದರಲ್ಲಿ ‘ಮೊತ್ತ’ ಎಂಬ ಫಂಕ್ಷನ್ ಇದ್ದು, ನಾಲ್ಕನೆಯದರಲ್ಲೂ ‘ಮೊತ್ತ’ ಎಂಬುದಿದ್ದರೆ ಕೊನೆಗೆ ಬಂದದ್ದೇ ಉಳಿಯುತ್ತಿತ್ತು. ಮೊದಲನೆಯದು ಸದ್ದಿಲ್ಲದೆ ಅಳಿಸಿಹೋಗುತ್ತಿತ್ತು. ತಪ್ಪಿನ ಸಂದೇಶವೂ ಬರುತ್ತಿರಲಿಲ್ಲ.

ಪುಟಗಳು ಬೆಳೆದು ಸಾವಿರಾರು ಸಾಲಿನ ಅಪ್ಲಿಕೇಶನ್‌ಗಳಾದಾಗ ಪ್ರೋಗ್ರಾಮರ್‌ಗಳು ಒಂದು ಉಪಾಯ ಹೂಡಿದರು. ಜಾವಾಸ್ಕ್ರಿಪ್ಟ್‌ನಲ್ಲಿ ಫಂಕ್ಷನ್ ಒಳಗೆ ಹುಟ್ಟಿದ ಹೆಸರು ಹೊರಗೆ ಕಾಣುವುದಿಲ್ಲ. ಹಾಗಾದರೆ ಇಡೀ ಫೈಲನ್ನೇ ಒಂದು ಫಂಕ್ಷನ್ ಒಳಗೆ ಹಾಕಿ, ಅದನ್ನು ಅಲ್ಲೇ ಒಮ್ಮೆ ಓಡಿಸಿ, ಬೇಕಾದ ಒಂದೆರಡು ಹೆಸರನ್ನು ಮಾತ್ರ ಹೊರಗೆ ಹಿಡಿದರಾಯಿತು. ಭಾಷೆಯಲ್ಲಿ ಬಾಗಿಲು ಇಲ್ಲದಾಗ ಬಳಸುವವರೇ ಗೋಡೆ ಕಟ್ಟಿ ಬಾಗಿಲು ಕೊರೆದುಕೊಂಡ ಕಾಲ ಅದು.

ಒಂದೇ ಹಜಾರದ ಋಣ ಎಷ್ಟು ಕಾಲ ಬಾಧಿಸುತ್ತದೆ ಎಂಬುದಕ್ಕೆ 2018ರ ಒಂದು ಪ್ರಸಂಗ ಸಾಕ್ಷಿ. ಪಟ್ಟಿಯೊಳಗಿನ ಪಟ್ಟಿಗಳನ್ನು ಬಿಡಿಸಿ ಒಂದೇ ಪಟ್ಟಿ ಮಾಡುವ ಸೌಲಭ್ಯವನ್ನು ಭಾಷೆಗೇ ಸೇರಿಸಲು ಜಾವಾಸ್ಕ್ರಿಪ್ಟ್‌ನ ಮಾನಕ ಸಮಿತಿ ಹೊರಟಿತ್ತು. ‘ಫ್ಲ್ಯಾಟನ್’ ಎಂಬ ಹೆಸರೂ ನಿಶ್ಚಯವಾಗಿತ್ತು. ಆದರೆ ಮೂಟೂಲ್ಸ್ ಎಂಬ ಹಳೆಯ ಲೈಬ್ರರಿ ಹಿಂದೆಯೇ ಇದೇ ಹೆಸರನ್ನು ಎಲ್ಲ ಪಟ್ಟಿಗಳಿಗೂ ಹಂಚಿಬಿಟ್ಟಿತ್ತು. ಭಾಷೆಯೇ ಆ ಹೆಸರನ್ನು ತೆಗೆದುಕೊಂಡರೆ ಮೂಟೂಲ್ಸ್ ನೆಚ್ಚಿಕೊಂಡ ಹಳೆಯ ಜಾಲತಾಣಗಳು ಒಡೆಯುತ್ತಿದ್ದವು. ಸಮಿತಿ ಹಿಂದೆ ಸರಿದು ‘ಫ್ಲ್ಯಾಟ್’ ಎಂಬ ಹೆಸರಿಗೆ ಒಪ್ಪಿಕೊಂಡಿತು. ಇವತ್ತು ನಾವು ಬರೆಯುವ ಕೋಡ್‌ನಲ್ಲಿ ಆ ಹೆಸರು ಮೊಟಕಾಗಿರುವುದಕ್ಕೆ ಕಾರಣ ಅದು.

ಫೈಲಿಗೊಂದು ಬಾಗಿಲು

2009 ಎರಡು ಕಾರಣಕ್ಕೆ ಮುಖ್ಯ ವರ್ಷ. ಜನವರಿಯಲ್ಲಿ ಕೆವಿನ್ ಡ್ಯಾಂಗೂರ್ ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಬಳಸುವವರನ್ನು ಒಂದುಗೂಡಿಸಲು ಆರಂಭಿಸಿದ ಯತ್ನ ಅದೇ ವರ್ಷ ಕಾಮನ್‌ಜೆಎಸ್ ಎಂಬ ಹೆಸರು ಪಡೆಯಿತು. ಅದೇ ವರ್ಷ ರಯಾನ್ ಡಾಲ್ ನೋಡ್.ಜೆಎಸ್ ಅನ್ನು ಜನರ ಮುಂದಿಟ್ಟರು. ನೋಡ್ ಕಾಮನ್‌ಜೆಎಸ್‌ನ ಮಾಡ್ಯೂಲ್ ಪದ್ಧತಿಯನ್ನು ಎತ್ತಿಕೊಂಡಿತು: ಪ್ರತಿ ಫೈಲೂ ಒಂದು ಮಾಡ್ಯೂಲ್. ಅದರೊಳಗಿನ ಹೆಸರುಗಳು ಅದರೊಳಗೇ. ಹೊರಗೆ ಕೊಡಬೇಕಾದದ್ದನ್ನು ‘ಎಕ್ಸ್‌ಪೋರ್ಟ್ಸ್’ ಎಂಬ ವಸ್ತುವಿಗೆ ತಗುಲಿಸಬೇಕು. ಬೇಕಾದವರು ‘ರಿಕ್ವೈರ್’ ಎಂದು ಕೇಳಿ ಪಡೆಯಬೇಕು.

ಇದರ ಒಳಗುಟ್ಟು ಸರಳವಾಗಿದೆ. ನಾವು ಬರೆದ ಫೈಲನ್ನು ಓಡಿಸುವ ಮುನ್ನ ನೋಡ್ ಅದನ್ನು ಒಂದು ಫಂಕ್ಷನ್ ಒಳಗೆ ಸುತ್ತುತ್ತದೆ. ಪ್ರೋಗ್ರಾಮರ್‌ಗಳು ಕೈಯಾರೆ ಮಾಡುತ್ತಿದ್ದ ಉಪಾಯವನ್ನೇ ನೋಡ್ ನಮ್ಮ ಪರವಾಗಿ ಮಾಡುತ್ತದೆ. ಆ ಫಂಕ್ಷನ್‌ಗೆ ಐದು ಸಂಗತಿಗಳನ್ನು ಕೈಗಿಡುತ್ತದೆ: ಎಕ್ಸ್‌ಪೋರ್ಟ್ಸ್, ರಿಕ್ವೈರ್, ಮಾಡ್ಯೂಲ್, ಫೈಲಿನ ಹೆಸರು, ಫೈಲಿರುವ ಫೋಲ್ಡರಿನ ಹೆಸರು.

ಹೊಸಬರು ಇಲ್ಲೇ ಎಡವುತ್ತಾರೆ. ಒಂದೊಂದಾಗಿ ‘ಎಕ್ಸ್‌ಪೋರ್ಟ್ಸ್ ಚುಕ್ಕಿ ರೂಪಾಯಿ’ ಎಂದು ತಗುಲಿಸಿದರೆ ಎಲ್ಲವೂ ನಡೆಯುತ್ತದೆ. ಇರುವುದೊಂದೇ ಫಂಕ್ಷನ್ ಅಲ್ಲವೇ ಎಂದುಕೊಂಡು ‘ಎಕ್ಸ್‌ಪೋರ್ಟ್ಸ್ ಸಮ ರೂಪಾಯಿ’ ಎಂದು ನೇರವಾಗಿ ಬರೆದರೆ ಕೇಳಿದವರ ಕೈಗೆ ಖಾಲಿ ವಸ್ತು ಸಿಗುತ್ತದೆ. ಕಾರಣ ಇಷ್ಟು: ನೋಡ್ ಕೊನೆಗೆ ಹೊರಗೆ ಕೊಡುವುದು ‘ಮಾಡ್ಯೂಲ್ ಚುಕ್ಕಿ ಎಕ್ಸ್‌ಪೋರ್ಟ್ಸ್’ ಅನ್ನು. ‘ಎಕ್ಸ್‌ಪೋರ್ಟ್ಸ್’ ಎಂಬ ಚಿಕ್ಕ ಹೆಸರು ಅದೇ ವಸ್ತುವನ್ನು ತೋರಿಸುವ ಇನ್ನೊಂದು ಬೆರಳು. ಬೆರಳನ್ನು ಬೇರೆ ಕಡೆ ತಿರುಗಿಸಿದರೆ ವಸ್ತು ಬದಲಾಗುವುದಿಲ್ಲ. ಒಂದೇ ಫಂಕ್ಷನ್ ಕೊಡಬೇಕೆಂದರೆ ‘ಮಾಡ್ಯೂಲ್ ಚುಕ್ಕಿ ಎಕ್ಸ್‌ಪೋರ್ಟ್ಸ್’ ಎಂದು ಪೂರ್ತಿ ಹೆಸರಿಗೇ ಬರೆಯಬೇಕು. ಇದನ್ನು ಒಮ್ಮೆ ಚಿತ್ರ ಬರೆದು ತೋರಿಸಿದರೆ ಯಾರೂ ಮರೆಯುವುದಿಲ್ಲ. ಬಾಯಿಪಾಠ ಮಾಡಿದವರು ಮತ್ತೆ ಮತ್ತೆ ಮರೆಯುತ್ತಾರೆ.

ಭಾಷೆಯ ಮಾನಕದೊಳಗೇ ‘ಎಕ್ಸ್‌ಪೋರ್ಟ್’ ಮತ್ತು ‘ಇಂಪೋರ್ಟ್’ ಪದಗಳು ಸೇರಿದ್ದು 2015ರ ಜೂನ್‌ನಲ್ಲಿ, ಎಕ್ಮಾಸ್ಕ್ರಿಪ್ಟ್‌ನ ಆರನೆಯ ಆವೃತ್ತಿಯೊಡನೆ. ಬ್ರೌಸರ್‌ಗಳು ಅದನ್ನು ಅಳವಡಿಸಿಕೊಳ್ಳಲು ಮತ್ತೆ ಎರಡು-ಮೂರು ವರ್ಷ ಹಿಡಿಯಿತು: ಸಫಾರಿ ಮತ್ತು ಕ್ರೋಮ್ 2017ರಲ್ಲಿ, ಫೈರ್‌ಫಾಕ್ಸ್ 2018ರಲ್ಲಿ.

ಹೊಸ ಪದ್ಧತಿ ಹಳೆಯದಕ್ಕೆ ಬಣ್ಣ ಬಳಿದದ್ದಲ್ಲ. ಒಂದು ವ್ಯತ್ಯಾಸವನ್ನು ಹತ್ತಿರದಿಂದ ನೋಡಿ. ಒಂದು ಫೈಲಿನಲ್ಲಿ ‘ಎಣಿಕೆ’ ಎಂಬ ಸಂಖ್ಯೆ ಇದೆ, ಬೆಲೆ ಸೊನ್ನೆ. ಅದನ್ನು ಒಂದರಿಂದ ಏರಿಸುವ ‘ಹೆಚ್ಚಿಸು’ ಎಂಬ ಫಂಕ್ಷನ್ ಇದೆ. ಎರಡನ್ನೂ ಎಕ್ಸ್‌ಪೋರ್ಟ್ ಮಾಡಿದ್ದೇವೆ. ಹಳೆಯ ಪದ್ಧತಿಯಲ್ಲಿ ‘ಎಣಿಕೆ’ಯನ್ನು ಬಿಡಿಸಿ ತೆಗೆದುಕೊಂಡವರು ‘ಹೆಚ್ಚಿಸು’ವನ್ನು ಎಷ್ಟು ಸಲ ಕರೆದರೂ ತಮ್ಮ ಬಳಿಯ ‘ಎಣಿಕೆ’ ಸೊನ್ನೆಯಾಗಿಯೇ ಉಳಿಯುತ್ತದೆ. ಅವರಿಗೆ ಸಿಕ್ಕಿದ್ದು ಆ ಗಳಿಗೆಯ ನಕಲು. ಹೊಸ ಪದ್ಧತಿಯಲ್ಲಿ ಸಿಗುವುದು ನಕಲಲ್ಲ, ನಂಟು. ‘ಹೆಚ್ಚಿಸು’ ಒಮ್ಮೆ ಓಡಿದರೆ ಇಂಪೋರ್ಟ್ ಮಾಡಿದವರ ಕಣ್ಣಿಗೂ ‘ಎಣಿಕೆ’ ಒಂದಾಗಿ ಕಾಣುತ್ತದೆ. ಆದರೆ ಅವರು ತಾವೇ ‘ಎಣಿಕೆ’ಗೆ ಬೇರೆ ಬೆಲೆ ಕೊಡಲು ಹೋದರೆ ಭಾಷೆ ತಡೆಯುತ್ತದೆ. ನೋಡುವ ಹಕ್ಕು ಎಲ್ಲರದು, ಬದಲಾಯಿಸುವ ಹಕ್ಕು ಮನೆಯವರದು.

ಇನ್ನೊಂದು ಲಾಭ: ಯಾವ ಹೆಸರು ಹೊರಗೆ ಹೋಗುತ್ತದೆ ಎಂಬುದು ಪ್ರೋಗ್ರಾಂ ಓಡುವ ಮೊದಲೇ, ಫೈಲನ್ನು ಓದಿದ ಮಾತ್ರಕ್ಕೆ ತಿಳಿಯುತ್ತದೆ. ಆದ್ದರಿಂದ ಯಾರೂ ಕೇಳದ ಫಂಕ್ಷನ್‌ಗಳನ್ನು ಕಿತ್ತುಹಾಕಿ ಬ್ರೌಸರ್‌ಗೆ ಕಳಿಸುವ ಕಟ್ಟನ್ನು ಹಗುರ ಮಾಡುವುದು ಸಾಧ್ಯವಾಯಿತು. ಮರ ಅಲ್ಲಾಡಿಸಿದರೆ ಒಣ ಎಲೆ ಉದುರುವಂತೆ ಎಂಬ ಅರ್ಥದಲ್ಲಿ ಇದಕ್ಕೆ ಟ್ರೀ ಶೇಕಿಂಗ್ ಎನ್ನುತ್ತಾರೆ.

ಕೇಳಿದರೆ ಮಾತ್ರ ಕೊಡುವುದು

ಬೇರೆ ಸ್ಕ್ರಿಪ್ಟಿಂಗ್ ಭಾಷೆಗಳೂ ಇದೇ ಪ್ರಶ್ನೆಗೆ ತಮ್ಮ ತಮ್ಮ ಸ್ವಭಾವಕ್ಕೆ ತಕ್ಕ ಉತ್ತರ ಕೊಟ್ಟಿವೆ.

ಲ್ಯಾರಿ ವಾಲ್ 1987ರಲ್ಲಿ ಹೊರತಂದ ಪರ್ಲ್ ಭಾಷೆ, 1994ರ ಐದನೆಯ ಆವೃತ್ತಿಯಲ್ಲಿ ಮಾಡ್ಯೂಲ್‌ಗಳನ್ನು ಪಡೆಯಿತು. ಅದರ ‘ಎಕ್ಸ್‌ಪೋರ್ಟರ್’ ಎಂಬ ಸಾಧನದಲ್ಲಿ ಎರಡು ಪಟ್ಟಿಗಳಿವೆ. ‘ಎಕ್ಸ್‌ಪೋರ್ಟ್’ ಪಟ್ಟಿಯಲ್ಲಿ ಬರೆದ ಫಂಕ್ಷನ್‌ಗಳು ಮಾಡ್ಯೂಲನ್ನು ಕರೆದವರ ಮನೆಗೆ ಕೇಳದೆಯೇ ಬಂದು ಸೇರುತ್ತವೆ. ‘ಎಕ್ಸ್‌ಪೋರ್ಟ್ ಓಕೆ’ ಪಟ್ಟಿಯಲ್ಲಿ ಬರೆದವು ಹೆಸರು ಹಿಡಿದು ಕೇಳಿದರೆ ಮಾತ್ರ ಬರುತ್ತವೆ. ಎರಡನೆಯ ಪಟ್ಟಿಯನ್ನೇ ಬಳಸಿ ಎಂಬುದು ಪರ್ಲ್ ಬಲ್ಲವರ ಸಲಹೆ. ಮದುವೆಗೆ ಬಂದ ನೆಂಟರು ತಮ್ಮ ಜೊತೆಗೆ ನಾವು ಕರೆಯದ ಹತ್ತು ಜನರನ್ನೂ ಕರೆತಂದರೆ ಪಂಕ್ತಿಯಲ್ಲಿ ಎಲೆ ಸಾಲದಾಗುತ್ತದೆ. ಕೇಳದೆ ಬಂದ ಹೆಸರುಗಳ ಕತೆಯೂ ಅಷ್ಟೇ. ನಾವಿಟ್ಟ ಹೆಸರಿನ ಮೇಲೆಯೇ ಅವು ಬಂದು ಕೂರಬಹುದು.

ಪೈಥಾನ್ ಬೀಗ ಹಾಕುವುದಿಲ್ಲ. ಒಂದು ಫೈಲಿನಲ್ಲಿರುವ ಎಲ್ಲ ಹೆಸರುಗಳೂ ಹೊರಗಿನವರ ಕೈಗೆಟುಕುತ್ತವೆ. ಹೆಸರಿನ ಮೊದಲಿಗೆ ಒಂದು ಅಂಡರ್‌ಸ್ಕೋರ್ ಇಟ್ಟರೆ ‘ಇದು ಒಳಗಿನದು, ಮುಟ್ಟಬೇಡಿ’ ಎಂಬ ವಿನಂತಿ. ಎಲ್ಲವನ್ನೂ ಒಟ್ಟಿಗೆ ತರಲು ನಕ್ಷತ್ರ ಚಿಹ್ನೆ ಹಾಕಿ ಕರೆದಾಗ ಯಾವುವು ಬರಬೇಕು ಎಂಬುದನ್ನು ‘ಆಲ್’ ಎಂಬ ಪಟ್ಟಿಯಲ್ಲಿ ಬರೆದಿಡಬಹುದು. ಅದನ್ನು ಮೀರಿ ಹೆಸರು ಹಿಡಿದು ಕರೆದರೆ ಪೈಥಾನ್ ಅಡ್ಡ ಬರುವುದಿಲ್ಲ. ಇಲ್ಲಿ ನಡೆಯುವುದು ನಂಬಿಕೆ.

ಪವರ್‌ಶೆಲ್‌ನಲ್ಲಿ ಏನೂ ಹೇಳದಿದ್ದರೆ ಮಾಡ್ಯೂಲಿನ ಫಂಕ್ಷನ್‌ಗಳೆಲ್ಲ ಹೊರಗೆ ಹೋಗುತ್ತವೆ. ‘ಎಕ್ಸ್‌ಪೋರ್ಟ್ ಮಾಡ್ಯೂಲ್ ಮೆಂಬರ್’ ಎಂಬ ಆಜ್ಞೆ ಬರೆದರೆ ಅದರಲ್ಲಿ ಹೆಸರಿಸಿದವು ಮಾತ್ರ. ಜಾವಾಸ್ಕ್ರಿಪ್ಟ್‌ನದು ಇದಕ್ಕೆ ತಿರುಗುಮುರುಗು. ಏನೂ ಬರೆಯದಿದ್ದರೆ ಎಲ್ಲವೂ ಒಳಗೇ. ನನಗೆ ಇದೇ ಸರಿ ಎನ್ನಿಸುತ್ತದೆ. ಮರೆವಿನಿಂದ ಬಾಗಿಲು ಮುಚ್ಚಿದ್ದರೆ ಯಾರಾದರೂ ತಟ್ಟುತ್ತಾರೆ, ತೆರೆಯಬಹುದು. ಮರೆವಿನಿಂದ ತೆರೆದಿದ್ದರೆ ಯಾರು ಒಳಗೆ ಬಂದರೆಂಬುದೇ ತಿಳಿಯುವುದಿಲ್ಲ.

ಮಾತು ತಪ್ಪಿದಾಗ

2016ರ ಮಾರ್ಚ್ 22. ಅಂದು ಜಗತ್ತಿನ ನಾನಾ ಕಡೆ ಜಾವಾಸ್ಕ್ರಿಪ್ಟ್ ಯೋಜನೆಗಳು ಬಿಲ್ಡ್ ಆಗದೆ ನಿಂತವು. ಕಾರಣ ‘ಲೆಫ್ಟ್‌ಪ್ಯಾಡ್’ ಎಂಬ ಪುಟ್ಟ ಪ್ಯಾಕೇಜು. ಅದು ಹೊರಗೆ ಕೊಡುತ್ತಿದ್ದುದು ಒಂದೇ ಒಂದು ಫಂಕ್ಷನ್, ಹನ್ನೊಂದು ಸಾಲು: ಅಕ್ಷರಗಳ ಸಾಲಿನ ಎಡಗಡೆ ಬೇಕಾದಷ್ಟು ಖಾಲಿ ಜಾಗ ಅಥವಾ ಸೊನ್ನೆ ತುಂಬುವುದು. ಬೇರೊಂದು ಪ್ಯಾಕೇಜಿನ ಹೆಸರಿನ ವಿಚಾರದಲ್ಲಿ ಬಂದ ಜಗಳದಿಂದ ನೊಂದ ಲೇಖಕ ತನ್ನ ಎಲ್ಲ ಪ್ಯಾಕೇಜುಗಳನ್ನೂ ಎನ್‌ಪಿಎಂ ಭಂಡಾರದಿಂದ ಹಿಂತೆಗೆದುಕೊಂಡ. ಆ ಹನ್ನೊಂದು ಸಾಲನ್ನು ನೆಚ್ಚಿದ ಪ್ಯಾಕೇಜುಗಳಿದ್ದವು. ಅವುಗಳನ್ನು ನೆಚ್ಚಿದ ಬೇಬಲ್‌ನಂಥ ದೊಡ್ಡ ಸಾಧನಗಳಿದ್ದವು. ಅವುಗಳ ಮೇಲೆ ಕಂಪನಿಗಳ ಕೆಲಸ ನಿಂತಿತ್ತು. ಕೆಲವೇ ಗಂಟೆಗಳಲ್ಲಿ ಎನ್‌ಪಿಎಂ ಅದನ್ನು ಮರಳಿ ತಂದಿತು. ಪ್ರಕಟಿಸಿದ ಪ್ಯಾಕೇಜನ್ನು ಮನಬಂದಾಗ ಹಿಂತೆಗೆಯದಂತೆ ಆಮೇಲೆ ನಿಯಮವನ್ನೂ ಬಿಗಿಗೊಳಿಸಿತು.

ಈ ಘಟನೆಯಿಂದ ಹಲವರು ‘ಇಷ್ಟು ಚಿಕ್ಕದನ್ನೂ ಹೊರಗಿನಿಂದ ತರಬೇಕೇ’ ಎಂಬ ಪಾಠ ಕಲಿತರು. ನಾನು ಕಲಿತದ್ದು ಇನ್ನೊಂದು: ಕೊಟ್ಟ ಮಾತಿನ ತೂಕ ಅದರ ಉದ್ದದ ಮೇಲೆ ನಿಂತಿಲ್ಲ, ಅದನ್ನು ಎಷ್ಟು ಜನ ನಂಬಿದ್ದಾರೆ ಎಂಬುದರ ಮೇಲೆ ನಿಂತಿದೆ.

ಮಾತು ಕೊಡದಿದ್ದರೂ ಕೊಟ್ಟರೆಂದು ನಂಬುವವರಿದ್ದಾರೆ. 2019ರ ಏಪ್ರಿಲ್‌ನಲ್ಲಿ ನೋಡ್ 12 ಬಂದಾಗ ಗಲ್ಪ್ ಎಂಬ ಸಾಧನದ ಮೂರನೆಯ ಆವೃತ್ತಿ ಬಳಸುತ್ತಿದ್ದವರ ಪರದೆಯ ಮೇಲೆ ‘ಪ್ರೈಮಾರ್ಡಿಯಲ್ಸ್ ಗೊತ್ತಿಲ್ಲ’ ಎಂಬ ಅರ್ಥದ ವಿಚಿತ್ರ ತಪ್ಪು ಮೂಡತೊಡಗಿತು. ಗಲ್ಪ್‌ನ ಆಳದಲ್ಲಿದ್ದ ಒಂದು ಹಳೆಯ ಪ್ಯಾಕೇಜು ನೋಡ್ ಅಧಿಕೃತವಾಗಿ ಕೊಟ್ಟ ಫೈಲ್ ಸೌಲಭ್ಯಗಳನ್ನು ಬಿಟ್ಟು, ನೋಡ್‌ನ ಒಳಗಿನ ಮೂಲ ಕೋಡನ್ನೇ ಎತ್ತಿ ತಂದು ತನ್ನಲ್ಲಿ ಓಡಿಸುತ್ತಿತ್ತು. ನೋಡ್ ತನ್ನ ಒಳಮನೆಯನ್ನು ಹೊಸದಾಗಿ ಜೋಡಿಸಿಕೊಂಡ ದಿನ ಅದು ಕುಸಿಯಿತು. ಇಂಥ ಹಿಂಬಾಗಿಲ ದಾರಿಗಳು ಪ್ಯಾಕೇಜುಗಳಲ್ಲೂ ಆಗದಂತೆ ಈಗ ತಡೆಯಬಹುದು. ನೋಡ್ 12ರ ಸರಣಿಯಿಂದ ಈಚೆಗೆ ಪ್ಯಾಕೇಜಿನ ವಿವರ ಬರೆಯುವ ಫೈಲಿನಲ್ಲಿ ‘ಎಕ್ಸ್‌ಪೋರ್ಟ್ಸ್’ ಎಂಬ ಅಂಕಣ ತುಂಬಿದರೆ, ಅಲ್ಲಿ ಹೇಳದ ಒಳಫೈಲುಗಳನ್ನು ಹೊರಗಿನವರು ಕರೆದಾಗ ನೋಡ್ ನೇರವಾಗಿ ನಿರಾಕರಿಸುತ್ತದೆ.

1972ರ ಬುದ್ಧಿಮಾತು

ಇದೆಲ್ಲಕ್ಕೂ ಬುನಾದಿ ಹಾಕಿದ್ದು ಜಾವಾಸ್ಕ್ರಿಪ್ಟ್ ಹುಟ್ಟುವ ಮುಂಚಿನ ಒಂದು ಪ್ರಬಂಧ. 1972ರಲ್ಲಿ ಡೇವಿಡ್ ಪಾರ್ನಸ್ ಒಂದು ಚಿಕ್ಕ ಪ್ರೋಗ್ರಾಮನ್ನು ಎರಡು ಬಗೆಯಲ್ಲಿ ಭಾಗ ಮಾಡಿ ತೋರಿಸಿದರು. ಸಾಲುಗಳನ್ನು ಓದಿಕೊಂಡು, ಪ್ರತಿ ಸಾಲಿನ ಪದಗಳನ್ನು ಸುತ್ತು ತಿರುಗಿಸಿ, ಬಂದದ್ದನ್ನೆಲ್ಲ ಅಕಾರಾದಿಯಾಗಿ ಜೋಡಿಸಿ ಸೂಚಿ ಮಾಡುವ ಪ್ರೋಗ್ರಾಂ ಅದು. ಮೊದಲ ಬಗೆಯಲ್ಲಿ ಕೆಲಸದ ಹಂತಕ್ಕೊಂದು ಮಾಡ್ಯೂಲ್: ಓದುವುದು, ತಿರುಗಿಸುವುದು, ಜೋಡಿಸುವುದು, ಮುದ್ರಿಸುವುದು. ನೋಡಲು ಅಚ್ಚುಕಟ್ಟು. ಆದರೆ ಸಾಲುಗಳನ್ನು ನೆನಪಿನಲ್ಲಿ ಇಡುವ ಕ್ರಮ ಎಲ್ಲ ಮಾಡ್ಯೂಲ್‌ಗಳಿಗೂ ಗೊತ್ತಿರಬೇಕು. ಆ ಕ್ರಮ ಬದಲಾದರೆ ಎಲ್ಲವನ್ನೂ ತಿದ್ದಬೇಕು. ಎರಡನೆಯ ಬಗೆಯಲ್ಲಿ ಪ್ರತಿ ಮಾಡ್ಯೂಲೂ ಮುಂದೆ ಬದಲಾಗಬಹುದಾದ ಒಂದು ತೀರ್ಮಾನವನ್ನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಬದಲಾದಾಗ ತಿದ್ದುಪಡಿ ಅಲ್ಲಿಗೇ ಮುಗಿಯುತ್ತದೆ.

ಎಂದರೆ ಎಕ್ಸ್‌ಪೋರ್ಟ್ ಮಾಡುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಇದು ಯಾರಿಗಾದರೂ ಉಪಯೋಗವಾಗಬಹುದೇ’ ಎಂಬುದಲ್ಲ. ಉಪಯೋಗ ಯಾವುದರಿಂದಲೂ ಆಗುತ್ತದೆ. ‘ನಾಳೆ ಇದನ್ನು ಬದಲಾಯಿಸುವ ಮನಸ್ಸು ನನಗೆ ಬರಬಹುದೇ’ ಎಂದು ಕೇಳಿಕೊಳ್ಳಬೇಕು. ಬರಬಹುದಾದರೆ ಅದು ಒಳಗಿರಲಿ.

ಆ ಶನಿವಾರ ನಾನು ಮೊದಲು ಮಾಡಿದ್ದು ಹಳೆಯ ‘ಗುಂಪು’ವನ್ನು ಇದ್ದ ಹಾಗೆಯೇ ಮರಳಿ ತಂದದ್ದು. ಹೊಸ ಕೆಲಸಕ್ಕೆ ಬೇರೆ ಹೆಸರಿಟ್ಟು ಒಳಗೇ ಇಟ್ಟೆ. ಚಿಹ್ನೆಯಿಲ್ಲದ ಮೊತ್ತ ಅವರಿಗೆ ನಿಜವಾಗಿ ಬೇಕಿದ್ದುದರಿಂದ, ‘ರೂಪಾಯಿ’ಗೇ ಅಂಥ ಒಂದು ಆಯ್ಕೆ ಸೇರಿಸಿದೆ. ಅವರು ಅದಕ್ಕೆ ಬದಲಾಯಿಸಿಕೊಳ್ಳಲು ಒಂದು ತಿಂಗಳು ಬಿಟ್ಟು, ಆಮೇಲೆ ‘ಗುಂಪು’ವಿನ ಮುಂದಿದ್ದ ಎಕ್ಸ್‌ಪೋರ್ಟ್ ತೆಗೆದೆ. ಆವೃತ್ತಿಯ ಮೊದಲ ಅಂಕಿಯನ್ನೂ ಏರಿಸಿದೆ. ಮೂರು ಅಂಕಿಯ ಆವೃತ್ತಿ ಪದ್ಧತಿಯಲ್ಲಿ ಮೊದಲ ಅಂಕಿ ಏರಿತೆಂದರೆ ‘ಹಿಂದೆ ಕೊಟ್ಟ ಮಾತಿನಲ್ಲಿ ಬದಲಾವಣೆಯಿದೆ, ನೋಡಿಕೊಳ್ಳಿ’ ಎಂದು ಬಳಸುವವರಿಗೆ ತಿಳಿಸಿದಂತೆ. ಟೆಸ್ಟ್‌ಗಳನ್ನು ‘ರೂಪಾಯಿ’ಯ ಮೂಲಕವೇ ಬರೆದೆ, ಸಹಾಯಕರು ಸರಿಯಿದ್ದರೆ ತಾನೇ ಅದು ಸರಿ ಉತ್ತರ ಕೊಡುವುದು?

ಮುಂದಿನ ವರ್ಷ ‘ಗುಂಪು’ ಫಂಕ್ಷನ್ನನ್ನು ಪೂರ್ತಿ ಅಳಿಸಿದೆ. ಅಂಕಿಗಳನ್ನು ಆಯಾ ದೇಶದ ರೂಢಿಯಂತೆ ಬರೆಯುವ ಸೌಲಭ್ಯ ಜಾವಾಸ್ಕ್ರಿಪ್ಟ್‌ನಲ್ಲೇ ಇದೆ. ಭಾರತದ ಕ್ರಮ ಬೇಕೆಂದು ಹೇಳಿದರೆ ಮೂರು, ಎರಡು, ಎರಡು ಎಂದು ತಾನೇ ಅಲ್ಪವಿರಾಮ ಹಾಕುತ್ತದೆ. ನನ್ನ ಹದಿನೈದು ಸಾಲಿನ ಜಾಗಕ್ಕೆ ಎರಡು ಸಾಲು ಬಂತು. ಅದೂ ಒಂದು ಶುಕ್ರವಾರ ಸಂಜೆಯೇ. ಶನಿವಾರ ಯಾವ ಫೋನೂ ಬರಲಿಲ್ಲ.

ಈಗ ಯಾರಾದರೂ ಹೊಸಬರು ಕೋಡ್ ತೋರಿಸಲು ಬಂದರೆ ನಾನು ಮೊದಲು ಹುಡುಕುವುದು ಎಕ್ಸ್‌ಪೋರ್ಟ್ ಎಂಬ ಪದವನ್ನು. ಸಿಕ್ಕ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: “ಇದನ್ನ ಎಷ್ಟು ವರ್ಷ ನಡೆಸಿಕೊಂಡು ಹೋಗ್ತೀಯಪ್ಪ?” ಕೆಲವರು ಯೋಚಿಸಿ ಉತ್ತರ ಕೊಡುತ್ತಾರೆ. ಹೆಚ್ಚಿನವರು ಆ ಪದವನ್ನು ಅಳಿಸಿ, ಫೈಲ್ ಉಳಿಸಿ, ಟೆಸ್ಟ್ ಮತ್ತೊಮ್ಮೆ ಓಡಿಸುತ್ತಾರೆ.